ಪರದೆಯ ಎರಡೂ ಬದಿಯಲ್ಲಿ ನಿಂತ ವಿಮರ್ಶಕ

1899ರ ನವೆಂಬರ್ 4ರಂದು ಹೆಲ್ಸಿಂಕಿಯ ಸ್ವೀಡಿಶ್ ರಂಗಮಂದಿರದಲ್ಲಿ ಒಂದು ಸಹಾಯಾರ್ಥ ಪ್ರದರ್ಶನ ನಡೆಯಿತು. ಪತ್ರಕರ್ತರ ಪಿಂಚಣಿ ನಿಧಿಗೆ ಹಣ ಕೂಡಿಸುವುದಕ್ಕೆ ಎಂದು ಹೊರಗೆ ಹೇಳಿಕೊಂಡಿದ್ದರು. ಒಳಗಿನ ಮಾತು ಟಿಕೆಟ್ ಕೊಂಡವರಿಗೆಲ್ಲ ಗೊತ್ತಿತ್ತು. ಅದೇ ವರ್ಷ ಫೆಬ್ರವರಿಯಲ್ಲಿ ರಷ್ಯಾದ ಚಕ್ರವರ್ತಿ ಎರಡನೆಯ ನಿಕೊಲಾಯ್ ಹೊರಡಿಸಿದ ಫರ್ಮಾನು ಫಿನ್ಲೆಂಡಿನ ಸ್ವಾಯತ್ತತೆಯ ಬುಡಕ್ಕೇ ಕೈಹಾಕಿತ್ತು. ಐದು ಲಕ್ಷಕ್ಕೂ ಹೆಚ್ಚು ಜನ ಸಹಿ ಮಾಡಿದ ಮನವಿಯನ್ನು ಹೊತ್ತು ಸೇಂಟ್ ಪೀಟರ್ಸ್‌ಬರ್ಗಿಗೆ ಹೋದ ನಿಯೋಗಕ್ಕೆ ದೊರೆಯ ಮುಖದರ್ಶನವೂ ಆಗಿರಲಿಲ್ಲ. ದನಿಯೆತ್ತಿದ ಪತ್ರಿಕೆಗಳ ಮೇಲೆ ಸೆನ್ಸಾರಿನ ಕೈ ಬಿಗಿಯಾಗುತ್ತಿತ್ತು. ಅಂಥ ಹೊತ್ತಿನಲ್ಲಿ ಪತ್ರಕರ್ತರಿಗಾಗಿ ರಂಗಮಂದಿರ ತುಂಬುವುದು ಎಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅಂದು ರಂಗದ ಮೇಲೆ ಬಂದದ್ದು ಫಿನ್ಲೆಂಡಿನ ಚರಿತ್ರೆಯ ಆರು ಸ್ತಬ್ಧಚಿತ್ರಗಳು. ಮುದುಕ ವೈನಾಮೊಯ್ನೆನ್ ಹಾಡುವ ಪುರಾಣಕಾಲದಿಂದ ಹೊರಟು, ಫಿನ್ ಜನರು ಕ್ರೈಸ್ತರಾದದ್ದು, ತುರ್ಕು ಕೋಟೆಯ ಆಸ್ಥಾನ, ಮೂವತ್ತು ವರ್ಷಗಳ ಯುದ್ಧ, ರಷ್ಯನ್ ದಾಳಿಯ ಕ್ಷಾಮಕಾಲ ಎಲ್ಲ ಮುಗಿದು ಕೊನೆಗೆ ‘ಫಿನ್ಲೆಂಡ್ ಎಚ್ಚರಗೊಳ್ಳುತ್ತದೆ’ ಎಂಬ ಚಿತ್ರ. ಅದರಲ್ಲಿ ಕವಿ ರೂನೆಬೆರಿ ಇದ್ದ, ಚಿಂತಕ ಸ್ನೆಲ್‌ಮನ್ ಇದ್ದ, ಜನಪದ ಹಾಡುಗಳನ್ನು ಬರೆದುಕೊಳ್ಳುವ ಲೋನ್‌ರೂತ್ ಇದ್ದ, ದೇಶದ ಮೊದಲ ರೈಲು ಎಂಜಿನ್ನೂ ಇತ್ತು. ಸಂಗೀತ ಯಾನ್ ಸಿಬೆಲಿಯಸ್‌ನದು. ಆ ಕೊನೆಯ ಚಿತ್ರದ ಸಂಗೀತವೇ ಮರುವರ್ಷ ‘ಫಿನ್ಲೆಂಡಿಯಾ’ ಎಂಬ ಹೆಸರಿನಲ್ಲಿ ಜಗತ್ತನ್ನು ಸುತ್ತಲು ಹೊರಟಿತು. ನಿರ್ದೇಶಕ, ಫಿನ್ನಿಶ್ ರಂಗಭೂಮಿಯ ಹಿರಿಯ ಕಾರ್ಲೊ ಬರ್ಗ್‌ಬೊಮ್. ಚಿತ್ರಗಳ ನಡುವೆ ಓದುವ ಪದ್ಯಗಳನ್ನು ಬರೆದವರು ಇಬ್ಬರು: ಯಾಲ್ಮರಿ ಫಿನ್ನೆ ಮತ್ತು ಎಯ್ನೊ ಲೆಯ್ನೊ.

ಈ ಲೆಯ್ನೊನ ಬಗ್ಗೆ ಇಂದು ಬರೆಯುತ್ತಿರುವುದು. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಫಿನ್ಲೆಂಡಿನವರನ್ನು ಕೇಳಿದರೆ ಅವನು ಕವಿ ಎನ್ನುತ್ತಾರೆ. ಅವನು ಹುಟ್ಟಿದ ಜುಲೈ 6ರಂದು ಅಲ್ಲಿ ಧ್ವಜ ಹಾರಿಸಿ ಕಾವ್ಯದ ದಿನ, ಬೇಸಗೆಯ ದಿನ ಎಂದು ಆಚರಿಸುತ್ತಾರೆ. ಆದರೆ ಅನ್ನಕ್ಕೆ ಅವನು ಹಿಡಿದ ಕಸುಬು ಬೇರೆ. 1899ರಿಂದ ‘ಪೈವಾಲೆಹ್ತಿ’ ಎಂಬ ದಿನಪತ್ರಿಕೆಯಲ್ಲಿ, ಅದು ಮುಚ್ಚಿದ ಮೇಲೆ ಅದರ ಜಾಗದಲ್ಲಿ ಹುಟ್ಟಿದ ‘ಹೆಲ್ಸಿಂಗಿನ್ ಸನೊಮಾತ್’ನಲ್ಲಿ, 1910ರ ದಶಕ ಕಾಲಿಟ್ಟ ಮೇಲೂ ಸಾಹಿತ್ಯ ಮತ್ತು ನಾಟಕಗಳ ವಿಮರ್ಶೆ ಬರೆದ, ‘ತೇಮು’ ಎಂಬ ಗುಪ್ತನಾಮದಲ್ಲಿ ಊರ ರಾಜಕಾರಣದ ಮೇಲೆ ಹರಟೆಗಳನ್ನೂ ಬರೆದ. ಕವಿಯ ನೆರಳಿನಲ್ಲಿ ಆ ವಿಮರ್ಶಕ ಮಸುಕಾಗಿಬಿಟ್ಟಿದ್ದಾನೆ. ನನಗೆ ಕುತೂಹಲ ಇರುವುದು ಆ ಮಸುಕಾದವನಲ್ಲಿ. ನವೆಂಬರಿನ ಆ ರಾತ್ರಿ ಬರ್ಗ್‌ಬೊಮ್‌ನ ಕೈಕೆಳಗೆ ಪದ್ಯ ಬರೆದುಕೊಟ್ಟವನು, ಮುಂದಿನ ನಾಟಕಕ್ಕೆ ಅದೇ ಬರ್ಗ್‌ಬೊಮ್‌ನ ಕೆಲಸವನ್ನು ತೂಗಿ ಪತ್ರಿಕೆಗೆ ಬರೆಯಬೇಕು. ಇಂದಿನ ಯಾವ ಸಂಪಾದಕನೂ ಇದಕ್ಕೆ ಒಪ್ಪುವುದಿಲ್ಲ, ಹಿತಾಸಕ್ತಿಯ ಘರ್ಷಣೆ ಎನ್ನುತ್ತಾನೆ. ಫಿನ್ಲೆಂಡಿನ ರಂಗಭೂಮಿಯಾದರೋ ಈ ಘರ್ಷಣೆಯಲ್ಲೇ ಬೆಳೆಯಿತು. ಲೆಯ್ನೊ ಅದರ ಅತ್ಯುತ್ತಮ ಮಾದರಿ. ಅದರ ಅಪಾಯಗಳ ಮಾದರಿಯೂ ಅವನೇ.

ಆ ಕಾಲದ ಹೆಲ್ಸಿಂಕಿ ಲಕ್ಷ ಜನಸಂಖ್ಯೆ ಮುಟ್ಟದ ಊರು. ಆದರೂ ಅಲ್ಲಿ ಮೂರು ಭಾಷೆಗಳಿಗೆ ಮೂರು ರಂಗಮಂದಿರಗಳು. ಎಸ್ಪ್ಲನಾದಿ ಉದ್ಯಾನದ ತುದಿಯಲ್ಲಿ ಸ್ವೀಡಿಶ್ ಮಂದಿರ: ಹಣವಂತರದು, ಹಳೆಯ ಅಧಿಕಾರಿ ಮನೆತನಗಳದು. ಬುಲೆವಾರ್ದಿ ಬೀದಿಯಲ್ಲಿ ಅಲೆಕ್ಸಾಂಡರ್ ಮಂದಿರ: ರಷ್ಯನ್ ಗವರ್ನರ್ ಜನರಲ್‌ನ ಪರಿವಾರಕ್ಕೂ ಸೇನಾಧಿಕಾರಿಗಳಿಗೂ ಕಟ್ಟಿದ್ದು. ದೇಶದ ಬಹುಸಂಖ್ಯಾತರ ಮಾತಾದ ಫಿನ್ನಿಶ್‌ಗೆ ಸಿಕ್ಕಿದ್ದು ಹಳೆಯ ಅರ್ಕಾಡಿಯಾ. ಅದು ಮರದ ಕಟ್ಟಡ, ಒಂದು ಕಾಲಕ್ಕೆ ಎಸ್ಪ್ಲನಾದಿಯಲ್ಲಿದ್ದದ್ದನ್ನು ಹೊಸ ಮಂದಿರಕ್ಕೆ ಜಾಗ ಬೇಕೆಂದು ಕಿತ್ತು ಊರ ಅಂಚಿಗೆ ಸಾಗಿಸಿ ಮತ್ತೆ ಜೋಡಿಸಿದ್ದು. ಸ್ವೀಡಿಶ್‌ನವರು ಬಿಟ್ಟ ಮನೆಯಲ್ಲಿ ಫಿನ್ನಿಶ್ ನಾಟಕ ಬಾಡಿಗೆಗೆ ಇದ್ದಂತೆ.

ಫಿನ್ನಿಶ್ ನಾಟಕದ ಹುಟ್ಟೂ ಅಷ್ಟೇ ವಿಚಿತ್ರ. 1869ರ ಮೇ 10ರಂದು ಅಲೆಕ್ಸಿಸ್ ಕಿವಿ ಬರೆದ ‘ಲೆಆ’ ಎಂಬ ಬೈಬಲ್ ಕಥೆಯ ಏಕಾಂಕವನ್ನು ಬರ್ಗ್‌ಬೊಮ್ ಆಡಿಸಿದ. ಫಿನ್ನಿಶ್ ರಂಗಭೂಮಿಯ ಹುಟ್ಟುಹಬ್ಬ ಎಂದು ಲೆಕ್ಕ ಹಿಡಿಯುವುದು ಆ ದಿನವನ್ನೇ. ನಾಯಕಿಯ ಪಾತ್ರ ಮಾಡಿದವಳು ಶಾರ್ಲೊತ್ ರಾ ಎಂಬ ಸ್ವೀಡಿಶ್ ನಟಿ. ಅವಳಿಗೆ ಫಿನ್ನಿಶ್ ಬರುತ್ತಿರಲಿಲ್ಲ. ಸಾಲುಗಳನ್ನು ಬಾಯಿಪಾಠ ಮಾಡಿ ಒಪ್ಪಿಸಿದಳು, ಕೂತವರು ಕಣ್ಣೀರು ಹಾಕಿದರು. ಬರ್ಗ್‌ಬೊಮ್‌ನ ಮನೆಮಾತೂ ಸ್ವೀಡಿಶ್ಶೇ. ಮೂರು ವರ್ಷದ ಮೇಲೆ, 1872ರ ಅಕ್ಟೋಬರಿನಲ್ಲಿ ಪೊರಿ ಎಂಬ ಕರಾವಳಿ ಊರಿನಲ್ಲಿ ಅವನು ‘ಫಿನ್ನಿಶ್ ರಂಗಮಂಡಳಿ’ಯನ್ನು ಕಟ್ಟಿದ. ಅಕ್ಕ ಎಮಿಲಿ ಲೆಕ್ಕಪತ್ರ, ಉಡುಪು, ನಟಿಯರ ಯೋಗಕ್ಷೇಮ ನೋಡಿಕೊಂಡಳು. ಮಂಡಳಿ ವರ್ಷಗಟ್ಟಲೆ ಊರೂರು ತಿರುಗಿತು. ತಮ್ಮ ಮಾತನ್ನು ರಂಗದ ಮೇಲೆ ಕೇಳುವುದೇ ಜನರಿಗೆ ಹೊಸತಾಗಿದ್ದಾಗ ನಟ ಚೆನ್ನಾಗಿ ಮಾಡಿದನೋ ಇಲ್ಲವೋ ಎಂದು ಕೇಳುವವನು ಸ್ವಲ್ಪ ಮನೆಮುರುಕನಂತೆಯೇ ಕಾಣುತ್ತಾನೆ. ಬೆಂಬಲಿಸುವುದೇ ವಿಮರ್ಶೆಯ ಮೊದಲ ಧರ್ಮ ಎಂದು ಆ ತಲೆಮಾರು ನಂಬಿತ್ತು.

ಹಾಗೆಂದು ಕ್ರೌರ್ಯಕ್ಕೆ ಕಡಿಮೆ ಇರಲಿಲ್ಲ. ಅಲೆಕ್ಸಿಸ್ ಕಿವಿಯ ಹಾಸ್ಯನಾಟಕ ‘ಬಯಲ ಚಮ್ಮಾರರು’ 1865ರಲ್ಲಿ, ಮಹಾಕವಿ ಎನಿಸಿಕೊಂಡಿದ್ದ ರೂನೆಬೆರಿಯ ನಾಟಕವನ್ನು ಹಿಂದಿಕ್ಕಿ, ಸರ್ಕಾರದ ಬಹುಮಾನ ಪಡೆದಿತ್ತು. ಐದು ವರ್ಷದ ಮೇಲೆ ಬಂದ ಅವನ ಕಾದಂಬರಿ ‘ಏಳು ಸೋದರರು’ ಪುಸ್ತಕವನ್ನು ಆಗಸ್ಟ್ ಆಲ್‌ಕ್ವಿಸ್ಟ್ ಎಂಬ ಫಿನ್ನಿಶ್ ಪ್ರಾಧ್ಯಾಪಕ ಪತ್ರಿಕೆಯಲ್ಲಿ ತುಳಿದುಹಾಕಿದ. ಈ ಜನ ಹೀಗಿಲ್ಲ, ಇದು ನಮ್ಮ ಸಾಹಿತ್ಯಕ್ಕೆ ಅವಮಾನ ಎಂಬುದು ವಾದದ ತಿರುಳು. ಆಲ್‌ಕ್ವಿಸ್ಟ್ ತಾನೂ ಕವಿ, ‘ಒಕ್ಸಾನೆನ್’ ಎಂಬ ಹೆಸರಿನಲ್ಲಿ ಪದ್ಯ ಬರೆಯುತ್ತಿದ್ದವನು. ಅಂದರೆ ಆಟದೊಳಗಿದ್ದುಕೊಂಡೇ ತೀರ್ಪು ಹೇಳಿದವನು. ಅಲೆಕ್ಸಿಸ್ ಮನಸ್ಸು ಕೆಟ್ಟು ಆಸ್ಪತ್ರೆ ಸೇರಿ 1872ರ ಡಿಸೆಂಬರ್ 31ರಂದು, ಮೂವತ್ತೆಂಟರ ಪ್ರಾಯದಲ್ಲಿ ತೀರಿಕೊಂಡ. ಒಂದು ವಿಮರ್ಶೆ ಅವನನ್ನು ಕೊಂದಿತು ಎನ್ನುವುದು ಅತಿ ಸರಳ. ಬಡತನ, ಕುಡಿತ, ಕಾಯಿಲೆ ಎಲ್ಲ ಸೇರಿತ್ತು. ಆದರೆ ಫಿನ್ನಿಶ್ ಓದುಗರು ಆ ಲೇಖನವನ್ನು ಮರೆತಿಲ್ಲ. ಅವನ ಹೆಸರನ್ನು ಮತ್ತೆ ಎತ್ತಿ ಹಿಡಿದದ್ದು ಲೆಯ್ನೊನ ತಲೆಮಾರು.

ಈ ಇಕ್ಕಟ್ಟಿನ ಇನ್ನೊಂದು ಮುಖ ನೋಡಬೇಕಾದರೆ ಮಿನ್ನಾ ಕಾಂತ್‌ಳ ಕಥೆಗೆ ಬರಬೇಕು. ಆಕೆ ಮಧ್ಯ ಫಿನ್ಲೆಂಡಿನ ಯುವಸ್ಕುಲದಲ್ಲಿ ಶಿಕ್ಷಕನ ಹೆಂಡತಿ. ಗಂಡ ಸಂಪಾದಿಸುತ್ತಿದ್ದ ಊರ ಪತ್ರಿಕೆಯಲ್ಲಿ ಬರೆಯುತ್ತಿದ್ದವಳು. ಹೆಂಡದ ವಿರುದ್ಧ ಬರೆದಳೆಂದು ಇಬ್ಬರಿಗೂ ಆ ಪತ್ರಿಕೆ ತಪ್ಪಿಹೋಯಿತು. ಬರ್ಗ್‌ಬೊಮ್‌ನ ಮಂಡಳಿ ಊರಿಗೆ ಬಂದಾಗ ನಾಟಕ ನೋಡಿ ಹುಚ್ಚು ಹತ್ತಿ ತಾನೇ ನಾಟಕ ಬರೆಯಲು ಕೂತಳು. 1879ರಲ್ಲಿ ಗಂಡ ತೀರಿಕೊಂಡ. ಏಳು ಮಕ್ಕಳನ್ನು ಕಟ್ಟಿಕೊಂಡು ಕ್ವೊಪಿಯೊಗೆ ಹೋಗಿ ತಂದೆಯ ನೂಲಿನ ಅಂಗಡಿಯನ್ನು ನಡೆಸಿದಳು, ಗಲ್ಲಾದ ಹಿಂದಿನಿಂದಲೇ ದೇಶದ ಅತ್ಯಂತ ಹರಿತ ನಾಟಕಗಾರ್ತಿ ಆದಳು. 1885ರ ‘ಕೂಲಿಯವನ ಹೆಂಡತಿ’ಯಲ್ಲಿ ಹೆಂಡತಿ ದುಡಿದ ಹಣವನ್ನು ಗಂಡ ಕುಡಿದು ಮುಗಿಸುತ್ತಾನೆ, ಕಾನೂನು ಅವನ ಕಡೆಗೇ ಇದೆ. ಮದುವೆಯಾದ ಹೆಂಗಸಿನ ಆಸ್ತಿಯ ಕಾನೂನು ಬದಲಾದದ್ದು 1889ರಲ್ಲಿ. 1888ರ ನವೆಂಬರಿನಲ್ಲಿ ‘ನತದೃಷ್ಟರ ಮಕ್ಕಳು’ ರಂಗಕ್ಕೆ ಬಂತು: ಕೆಲಸವಿಲ್ಲದ ಕೂಲಿಗಳು, ಹಸಿವು, ಬೆಂಕಿ ಹಚ್ಚುವಷ್ಟು ಸಿಟ್ಟು. ಒಂದೇ ಪ್ರದರ್ಶನ. ಅದಾದ ಮೇಲೆ ಮಂಡಳಿಯ ಆಡಳಿತದವರು ನಾಟಕವನ್ನು ನಿಲ್ಲಿಸಿದರು. ಮಂಡಳಿಗೆ ಸರ್ಕಾರದ ಅನುದಾನ ಬೇಕಿತ್ತು, ದೊಡ್ಡವರ ಕೃಪೆ ಬೇಕಿತ್ತು. ಮಿನ್ನಾಳ ಒಂದೊಂದು ನಾಟಕವನ್ನೂ ಪತ್ರದ ಮೂಲಕ ತಿದ್ದಿ, ಚರ್ಚಿಸಿ, ಬೆನ್ನು ತಟ್ಟಿದ್ದ ಬರ್ಗ್‌ಬೊಮ್ ಅದನ್ನು ತಡೆಯಲಿಲ್ಲ. 1893ರಲ್ಲಿ ಆಕೆ ‘ಸಿಲ್ವಿ’ ಎಂಬ ನಾಟಕವನ್ನು ಸ್ವೀಡಿಶ್ ಮಂದಿರಕ್ಕೆ ಕೊಟ್ಟಳು. ಸಿಟ್ಟನ್ನು ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

‘ನತದೃಷ್ಟರ ಮಕ್ಕಳು’ ನಿಂತ ಮರುವರ್ಷ, 1889ರಲ್ಲಿ, ‘ಪೈವಾಲೆಹ್ತಿ’ ಶುರುವಾಯಿತು. ಫಿನ್ನಿಶ್ ಭಾಷೆಯ ಚಳವಳಿ ಆಗಲೇ ಎರಡಾಗಿತ್ತು. ಹಳೆಯ ಫಿನ್ನರು ಪಾದ್ರಿ, ಪ್ರಾಧ್ಯಾಪಕರ ಪಕ್ಷ. ಭಾಷೆ ಮೊದಲು, ಮಿಕ್ಕದ್ದು ಆಮೇಲೆ ಎನ್ನುವವರು. ‘ಊಸಿ ಸ್ವೊಮೆತಾರ್’ ಅವರ ಪತ್ರಿಕೆ, ಬರ್ಗ್‌ಬೊಮ್ ಅವರ ಕಡೆಯವನು. ಹೊಸ ಫಿನ್ನರು ಇಬ್ಸನ್ನನನ್ನೂ ತೊಲ್ಸ್ತೊಯ್‌ನನ್ನೂ ಓದಿ ಬೆಳೆದ ಹುಡುಗರು, ‘ಪೈವಾಲೆಹ್ತಿ’ ಅವರದು. ಆದ್ದರಿಂದ ಒಂದು ನಾಟಕ ಹೇಗಿತ್ತು ಎಂಬುದಕ್ಕೆ ಬೆಳಗ್ಗೆ ಎರಡು ಪತ್ರಿಕೆಗಳಲ್ಲಿ ಎರಡು ಪಕ್ಷದ ಬಣ್ಣ ಬಳಿದಿರುತ್ತಿತ್ತು. ‘ಪೈವಾಲೆಹ್ತಿ’ಯ ಬಳಗದವರೇ ನಾಟಕಕಾರರು. ಅದನ್ನು ಕಟ್ಟಿದವರಲ್ಲಿ ಒಬ್ಬನಾದ ಅರ್ವಿದ್ ಯಾರ್ನೆಫೆಲ್ಟ್ ಬರೆದ ‘ಸಾವು’ ನಾಟಕ 1903ರ ಡಿಸೆಂಬರಿನಲ್ಲಿ ರಂಗಕ್ಕೆ ಬಂದಾಗ ಸಂಗೀತ ಕೊಟ್ಟವನು ಅವನ ತಂಗಿಯ ಗಂಡ. ಆ ತಂಗಿಯ ಗಂಡ ಸಿಬೆಲಿಯಸ್, ಆ ಸಂಗೀತದ ಒಂದು ತುಣುಕು ‘ವಾಲ್ಸ್ ತ್ರಿಸ್ತ್’. ಇಂಥ ಊರಿನಲ್ಲಿ ಪೂರ್ತಿ ಹೊರಗಿನವನಾದ ವಿಮರ್ಶಕ ಎಲ್ಲಿಂದ ಬರಬೇಕು? ಲೆಯ್ನೊನ ಅಣ್ಣ ಕಸಿಮಿರ್ ಕೂಡ ಕವಿ, ವಿಮರ್ಶಕ, ಮೆರಿಮೇ ಮೇಲೆ ಪ್ರೌಢಪ್ರಬಂಧ ಬರೆದ ಪಂಡಿತ, ಸಾಲದ್ದಕ್ಕೆ ಊರೂರು ತಿರುಗುವ ಮಂಡಳಿಯೊಂದಿಗೂ ಕೆಲಸ ಮಾಡಿದವನು. ಅಣ್ಣತಮ್ಮ ಸೇರಿ 1898ರಲ್ಲಿ ‘ನುಕ್ಯಾಯ್ಕಾ’ ಎಂಬ ನಿಯತಕಾಲಿಕವನ್ನೂ ನಡೆಸಿದರು.

ಲೆಯ್ನೊ ಉತ್ತರದ ಕಾಯಾನಿ ಸೀಮೆಯ ಪಾಲ್ತಾನಿಯೆಮಿ ಎಂಬ ಹಳ್ಳಿಯವನು. ಅಪ್ಪ ಭೂಮಾಪಕ. ಹತ್ತು ಮಕ್ಕಳಲ್ಲಿ ಇವನು ಕೊನೆಯವನು, ಹದಿನೇಳು ತುಂಬುವ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ಇಲ್ಲ. ಹೆಲ್ಸಿಂಕಿ ವಿಶ್ವವಿದ್ಯಾಲಯಕ್ಕೆ ಸೇರಿದ, ಪದವಿ ಮುಗಿಸಲಿಲ್ಲ. ಬರ್ಗ್‌ಬೊಮ್‌ಗೂ ಅವನಿಗೂ ಇದ್ದ ಮುಖ್ಯ ವ್ಯತ್ಯಾಸ ಇಲ್ಲಿದೆ. ನಿರ್ದೇಶಕ ಕಲಿತ ಫಿನ್ನಿಶ್‌ನವನು; ವಿಮರ್ಶಕ ಅದನ್ನು ತೊಟ್ಟಿಲಲ್ಲಿ ಕೇಳಿದವನು, ಫಿನ್ನರ ಜನಪದ ಮಹಾಕಾವ್ಯ ಕಾಲೆವಾಲಾದ ಛಂದಸ್ಸು ಕಿವಿಯಲ್ಲೇ ಕೂತಿದ್ದವನು. ರಂಗದ ಮೇಲೆ ಮಾತು ಹೇಗೆ ಬರುತ್ತದೆ ಎಂಬುದು ಅವನಿಗೆ ಅಲಂಕಾರದ ವಿಷಯವಲ್ಲ, ಜೀವದ ವಿಷಯ. ಷೇಕ್ಸ್‌ಪಿಯರನನ್ನು ಪಾವೊ ಕಾಯಾಂದರ್ ಒಂದೊಂದಾಗಿ ಫಿನ್ನಿಶ್‌ಗೆ ತರುತ್ತಿದ್ದ ಕಾಲ ಅದು. ಲೆಯ್ನೊ ಸ್ವತಃ ಮುಂದೆ ರಸೀನ್, ಕೊರ್ನೆಯ್, ಗಯಟೆ, ಷಿಲ್ಲರ್ ನಾಟಕಗಳನ್ನು ಅನುವಾದಿಸಿದ, ಡಾಂಟೆಯ ‘ಡಿವೈನ್ ಕಾಮೆಡಿ’ಯನ್ನು 1912ರಿಂದ 14ರ ನಡುವೆ ಹೊರತಂದ. ಟಾಗೋರರ ಕವಿತೆಗ­ಳನ್ನು ಫಿನ್ನಿಶ್ ಓದುಗರಿಗೆ ಮುಟ್ಟಿಸಿದವನೂ ಇವನೇ. ಇಷ್ಟು ಛಂದಸ್ಸುಗಳನ್ನು ನಾಲಿಗೆಯ ಮೇಲೆ ಆಡಿಸಿದವನ ಮುಂದೆ ಪದ್ಯದ ಸಾಲನ್ನು ಗದ್ಯದಂತೆ ಗುನುಗುವ ನಟ ನಿಂತರೆ ಅವನ ಪಾಡೇನು ಎಂದು ಊಹಿಸಬಹುದು.

1902ರ ಏಪ್ರಿಲ್ 9ರಂದು ಮಂಡಳಿಗೆ ಸ್ವಂತ ಮನೆ ಸಿಕ್ಕಿತು: ರೈಲು ನಿಲ್ದಾಣದ ಚೌಕದಲ್ಲಿ ಒರಟು ಗ್ರಾನೈಟ್ ಕಲ್ಲಿನ ರಾಷ್ಟ್ರೀಯ ರಂಗಮಂದಿರ. ಉದ್ಘಾಟನೆಗೆ ಸಿಬೆಲಿಯಸ್ ‘ಬೆಂಕಿಯ ಹುಟ್ಟು’ ಎಂಬ ಹೊಸ ರಚನೆ ಕೊಟ್ಟ. ದೇಶವಿನ್ನೂ ಸ್ವತಂತ್ರವಾಗಿಲ್ಲ, ಆಗುವುದಕ್ಕೆ ಹದಿನೈದು ವರ್ಷ ಬಾಕಿ. ಅಷ್ಟರಲ್ಲೇ ‘ರಾಷ್ಟ್ರೀಯ’ ಎಂಬ ಹೆಸರು ಹೊತ್ತ ಕಟ್ಟಡ ಎದ್ದು ನಿಂತಿತು. ಆ ಹೆಸರೇ ಲೆಯ್ನೊನ ಬೇಡಿಕೆಯನ್ನೂ ಹೆಚ್ಚಿಸಿತು ಎಂದು ನನಗನ್ನಿಸುತ್ತದೆ. ಮರದ ಅರ್ಕಾಡಿಯಾದಲ್ಲಿ ಕ್ಷಮಿಸಬಹುದಾಗಿದ್ದದ್ದನ್ನು ಗ್ರಾನೈಟಿನೊಳಗೆ ಕ್ಷಮಿಸಲು ಅವನು ಸಿದ್ಧನಿರಲಿಲ್ಲ. ಬೈಠಕ್‌ಖಾನೆಯ ಕುರ್ಚಿ ಮೇಜಿನ ವಾಸ್ತವ ನಾಟಕ, ಹೊರಗಿನಿಂದ ಬಂದ ಯಶಸ್ವಿ ಪ್ರಹಸನ, ಹಳ್ಳಿಯ ಬದುಕನ್ನು ಹಾಗೆಹಾಗೇ ತೋರಿಸುವ ಚಿತ್ರಣ ಇವೆಲ್ಲ ಅವನಿಗೆ ಸಾಕಾಗಿತ್ತು. ಅವನಿಗೆ ಬೇಕಿದ್ದದ್ದು ಪುರಾಣದ ಎತ್ತರದ ರಂಗ: ಕೆಲವೇ ಗೆರೆಗಳ ಸಜ್ಜಿಕೆ, ಪದ್ಯದ ಮಾತು, ಗ್ರೀಕ್ ದುರಂತದಂಥ ಗಾಂಭೀರ್ಯ.

ಸೆನ್ಸಾರಿನ ಕಾಲದಲ್ಲಿ ನಾಟಕದ ವಿಮರ್ಶೆಗೆ ಇನ್ನೊಂದು ಕೆಲಸವೂ ಇತ್ತು. ಸಂಪಾದಕೀಯದಲ್ಲಿ ಹೇಳಲಾಗದ್ದನ್ನು ರಂಗದ ರಾಜನ ಬಗ್ಗೆ, ಅವನ ಮಂತ್ರಿಗಳ ಬಗ್ಗೆ ಮಾತಾಡುತ್ತ ಹೇಳಬಹುದು. ಓದುಗ ಸಾಲಿನ ನಡುವೆ ಓದುವುದನ್ನು ಕಲಿತಿದ್ದ. 1904ರ ಜೂನಿನಲ್ಲಿ ಗವರ್ನರ್ ಜನರಲ್ ಬೊಬ್ರಿಕೊವ್‌ನನ್ನು ಹೆಲ್ಸಿಂಕಿಯ ಸೆನೆಟ್ ಕಟ್ಟಡದಲ್ಲಿ ಗುಂಡಿಕ್ಕಿ ಕೊಂದರು. ‘ಪೈವಾಲೆಹ್ತಿ’ ಅದರ ಬೆನ್ನಿಗೇ, ನಡುಬೇಸಗೆಯ ಹಬ್ಬದ ಹೊತ್ತಿಗೆ, ಬೆಳಕು ಕತ್ತಲನ್ನು ಗೆಲ್ಲುವ ಬಗ್ಗೆ ಒಂದು ಲೇಖನ ಹಾಕಿತು. ಅಧಿಕಾರಿಗಳೂ ಸಾಲಿನ ನಡುವೆ ಓದಬಲ್ಲವರಾಗಿದ್ದರು. ಪತ್ರಿಕೆಯನ್ನು ಕಾಯಮ್ಮಾಗಿ ಮುಚ್ಚಿಸಿದರು. ಶರತ್ಕಾಲದಲ್ಲಿ ಅದೇ ಬಳಗ ‘ಹೆಲ್ಸಿಂಗಿನ್ ಸನೊಮಾತ್’ ಎಂಬ ಹೊಸ ಹೆಸರಿನಲ್ಲಿ ಎದ್ದು ಕೂತಿತು. ಇಂದು ದೇಶದ ಅತಿ ದೊಡ್ಡ ದಿನಪತ್ರಿಕೆ ಅದೇ.

1905ರಲ್ಲಿ ಅಕ್ಕ ಎಮಿಲಿ ತೀರಿಕೊಂಡಳು, ಬರ್ಗ್‌ಬೊಮ್ ನಿವೃತ್ತನಾದ, ಮರುವರ್ಷದ ಜನವರಿಯಲ್ಲಿ ಅವನೂ ಹೋದ. ಆ ಹೊತ್ತಿಗೇ ಲೆಯ್ನೊ ‘ಮುಖವಾಡಗಳು’ ಎಂಬ ಹೆಸರಿನಲ್ಲಿ ತನ್ನ ನಾಟಕಗಳನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಲು ತೊಡಗಿದ. 1911ರ ವೇಳೆಗೆ ಆರು ಸಂಪುಟಗಳಾದವು. ವಿಮರ್ಶೆಯಲ್ಲಿ ಕೇಳುತ್ತಿದ್ದ ರಂಗಭೂಮಿಯನ್ನು ತಾನೇ ಬರೆದು ತೋರಿಸುವ ಛಲ ಅದು. ಹೆಚ್ಚಿನವು ಓದುವ ನಾಟಕಗಳಾಗಿಯೇ ಉಳಿದವು. ಅವನ ಭಾವಗೀತೆಯಲ್ಲಿ ಒಂದು ಸಾಲು ಮಾಡುವ ಕೆಲಸವನ್ನು ನಾಟಕದಲ್ಲಿ ಒಂದು ಪುಟ ಮಾಡಲಾರದು. ಪಾತ್ರಗಳೆಲ್ಲ ಲೆಯ್ನೊನ ಕಂಠದಲ್ಲೇ ಮಾತಾಡುತ್ತವೆ. ಇದು ಬರೀ ನನ್ನ ದೂರಲ್ಲ, ಅವನ ಕಾಲದವರ ದೂರೂ ಇದೇ ಆಗಿತ್ತು. ಅವನಿಗೆ ಅದು ನುಂಗಲಾರದ ತುತ್ತಾಯಿತು. ಇತರರ ನಾಟಕಗಳ ಬಗ್ಗೆ ಸುಲಭಕ್ಕೆ ತೃಪ್ತನಾಗದವನು ತನ್ನ ನಾಟಕದ ವಿಮರ್ಶೆ ಬಂದಾಗ ಗಾಯಗೊಂಡ ಕವಿಯಾಗಿಬಿಡುತ್ತಿದ್ದ.

1912ರ ಬೇಸಗೆಯಲ್ಲಿ ಇನ್ನೂ ಮುಂದೆ ಹೋದ. ‘ಹೆಲ್ಕಾ ರಂಗ’ ಎಂಬ ಸ್ವಂತ ಮಂಡಳಿ ಕಟ್ಟಿ, ಬಯಲಿನಲ್ಲಿ, ಬಿಳಿರಾತ್ರಿಯ ಬೆಳಕಿನಲ್ಲಿ ನಾಟಕ ಆಡಿಸಲು ಹೊರಟ. ಕಲ್ಲಿನ ಮಂದಿರ ಕೊಡದಿದ್ದದ್ದನ್ನು ಕಾಡು, ಬಂಡೆ, ಸರೋವರ ಕೊಟ್ಟೀತು ಎಂಬ ಆಸೆ. ಉಳಿದದ್ದು ಸಾಲ. ದುಡ್ಡಿನ ವಿಷಯದಲ್ಲಿ ಅವನು ಎಂದೂ ಜಾಣನಲ್ಲ. ಪತ್ರಿಕೆಯಿಂದ ದೂರ ಸರಿದ ಮೇಲೆ 1915ರಲ್ಲಿ ‘ಸುನ್ನುಂತಾಯ್’ ಎಂಬ ವಾರಪತ್ರಿಕೆಯನ್ನು ನಡೆಸಿದ, 1918ರ ಅಂತರ್ಯುದ್ಧದ ವರ್ಷಕ್ಕೆ ಅದೂ ನಿಂತಿತು. 1926ರ ಜನವರಿಯಲ್ಲಿ, ನಲವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡಾಗ ದೇಶವೇ ಶವಯಾತ್ರೆಗೆ ಬಂತು. ಕವಿಗೆ ಸಂದ ಗೌರವ ಅದು.

ವಿಮರ್ಶಕನಾಗಿ ಲೆಯ್ನೊನ ದೋಷ ಏನೆಂದರೆ, ಮುಂದೆ ನಡೆಯುತ್ತಿದ್ದ ನಾಟಕಕ್ಕಿಂತ ನಡೆಯಬೇಕಾಗಿದ್ದ ನಾಟಕವನ್ನೇ ಅವನು ಹೆಚ್ಚು ನೋಡುತ್ತಿದ್ದ. ಶಕ್ತಿಯೂ ಅದೇ. ಎರಡೂ ಬದಿಯಲ್ಲಿ ನಿಂತವನು ಮೆತ್ತಗಾಗುತ್ತಾನೆ, ಸ್ನೇಹಕ್ಕೆ ಸೋಲುತ್ತಾನೆ ಎಂದು ನಾವು ಅಂಜುತ್ತೇವೆ. ಇವನ ವಿಷಯದಲ್ಲಿ ಆದದ್ದು ತಿರುಗಾಮುರುಗಾ. ತಾನೂ ಕೈ ಸುಟ್ಟುಕೊಂಡ ಕೆಲಸವಾದ್ದರಿಂದ ಅವನ ಅಸಹನೆ ಬೆಳೆಯಿತು. ಆಲ್‌ಕ್ವಿಸ್ಟ್‌ಗೂ ಇವನಿಗೂ ಇರುವ ಅಂತರ ಇಷ್ಟೆ: ಒಬ್ಬ ಬೆಳೆಯುತ್ತಿದ್ದ ಭಾಷೆಗೆ ಬೇಲಿ ಹಾಕಿದ, ಇನ್ನೊಬ್ಬ ಅದು ಸಾಲದು ಎಂದು ರೇಗಿದ.

ಅವನು ಬಿಟ್ಟುಹೋದ ರೂಢಿ ಮಾತ್ರ ಗಟ್ಟಿಯಾಗಿ ಉಳಿಯಿತು. ಅವನ ಒಡನಾಡಿ ಎಲ್. ಒನೆರ್ವಾ ಕವಿ, ‘ಮಿರ್ದ್ಯಾ’ ಎಂಬ ದಿಟ್ಟ ಕಾದಂಬರಿಯ ಲೇಖಕಿ. ಪತ್ರಿಕೆಗಳಿಗೆ ನಾಟಕ ವಿಮರ್ಶೆಯನ್ನೂ ಬರೆದಳು, ಕೊನೆಗೆ 1932ರಲ್ಲಿ ಲೆಯ್ನೊನ ಜೀವನಚರಿತ್ರೆಯನ್ನೂ. ಹೊಗಳಿಕೆಯ ಮಂಜಿನೊಳಗೆ ಅವನನ್ನು ಪೂರ್ತಿ ಮುಚ್ಚಿಹಾಕದೆ ಬರೆದದ್ದು ಅವಳ ದೊಡ್ಡತನ. ಸ್ವೀಡಿಶ್‌ನಲ್ಲಿ ಬರೆಯುತ್ತಿದ್ದ ಹಾಗರ್ ಓಲ್ಸನ್ 1918ರ ಮೇಲೆ ಹೆಲ್ಸಿಂಕಿಯ ಹೊಸ ಕಾವ್ಯದ ವಕೀಲಳಾದಳು. ಊರೆಲ್ಲ ಗೇಲಿ ಮಾಡಿದ ಎಡಿತ್ ಸೊಡರ್‌ಗ್ರಾನ್‌ಳ ಕವಿತೆಗಳನ್ನು ಗಂಭೀರವಾಗಿ ಓದಿ ಬರೆದ ಮೊದಲಿಗರಲ್ಲಿ ಅವಳೂ ಒಬ್ಬಳು. ಹಾಗೆಯೇ ತಾನೂ ನಾಟಕ ಬರೆದಳು: ಯುದ್ಧವಿರೋಧಿ ‘ಎಸ್.ಒ.ಎಸ್.’ ಒಂದು, ‘ಹಿಮದ ಯುದ್ಧ’ ಇನ್ನೊಂದು. ಎರಡನೆಯದನ್ನು 1939ರಲ್ಲಿ, ಸೋವಿಯತ್ ಜತೆಗಿನ ಸಂಬಂಧ ಕೆಟ್ಟಿದ್ದ ಹೊತ್ತಿನಲ್ಲಿ, ರಂಗಕ್ಕೆ ಬಾರದಂತೆ ತಡೆದರು. 1966ರಲ್ಲಿ ವಿದ್ಯಾರ್ಥಿ ರಂಗತಂಡ ಆಡಿದ ‘ಲಾಪುವಾ ಒಪೆರಾ’ ಫಿನ್ನಿಶ್ ನಾಟಕದ ದಿಕ್ಕನ್ನೇ ತಿರುಗಿಸಿತು. 1930ರ ಆಸುಪಾಸಿನ ಬಲಪಂಥೀಯ ಚಳವಳಿಯನ್ನು ಹಾಡು, ಹಾಸ್ಯದಲ್ಲಿ ಬಿಚ್ಚಿಟ್ಟ ಅದರ ಪಠ್ಯವನ್ನು ಬರೆದ ಅರ್ವೊ ಸಾಲೊ ಪತ್ರಕರ್ತ. ಸಂಗೀತ ಕಾಯ್ ಖುದೇನಿಯುಸ್‌ನದು, ನಿರ್ದೇಶನ ಕಾಲ್ಲೆ ಹೊಲ್ಮ್‌ಬೆರಿಯದು.

ಇಪ್ಪತ್ತನೆಯ ಶತಮಾನದ ಕೊನೆಗೆ ‘ಹೆಲ್ಸಿಂಗಿನ್ ಸನೊಮಾತ್’ನ ಅದೇ ಕುರ್ಚಿಯಲ್ಲಿ ಕೂತು ಹೆಸರಾದವನು ಯುಕ್ಕಾ ಕಾಯವಾ. ದಶಕಗಟ್ಟಲೆ ನಾಟಕ, ಟೆಲಿವಿಷನ್ ಎರಡರ ಬಗ್ಗೆಯೂ ಬರೆದ. ಸ್ವತಃ ನಾಟಕಗಳನ್ನು ನಿರ್ದೇಶಿಸಿದವನೂ ಹೌದು. 2005ರಲ್ಲಿ ತೀರಿಕೊಂಡ. ಆದರೆ ಲೆಯ್ನೊನ ಕಾಲಕ್ಕೂ ಇವನ ಕಾಲಕ್ಕೂ ಒಂದು ವ್ಯತ್ಯಾಸವಿತ್ತು. ಅಂದು ಎದುರು ಪಕ್ಷದ ಪತ್ರಿಕೆ ಎದುರು ತೀರ್ಪು ಕೊಡುತ್ತಿತ್ತು. ಪಕ್ಷದ ಪತ್ರಿಕೆಗಳು ಒಂದೊಂದಾಗಿ ಬಡವಾಗಿ, ರಾಜಧಾನಿಯಲ್ಲಿ ಒಂದೇ ದೊಡ್ಡ ಬೆಳಗಿನ ಪತ್ರಿಕೆ ಉಳಿದಾಗ ಅದರ ವಿಮರ್ಶಕನ ಮಾತಿಗೆ ತೂಕ ತಾನಾಗಿಯೇ ಬಂತು. ಐವತ್ತೈದು ಲಕ್ಷ ಜನರ ದೇಶದಲ್ಲಿ ಒಂದು ಅಂಕಣಕ್ಕೆ ಅಷ್ಟು ಬಲ ಇರುವುದು ಒಳ್ಳೆಯದಲ್ಲ. ಬರೆಯುವವನು ಎಷ್ಟೇ ಪ್ರಾಮಾಣಿಕನಿರಲಿ, ಅವನಿಗೆ ಉತ್ತರ ಕೊಡುವ ಇನ್ನೊಂದು ಪುಟ ಬೇಕು.

ಲೆಯ್ನೊ ಕೇಳಿದ ರಂಗಭೂಮಿ ಕೊನೆಗೆ ಬಂತೇ? ರಾಷ್ಟ್ರೀಯ ರಂಗಮಂದಿರವನ್ನು 1917ರಿಂದ 1950ರವರೆಗೆ ನಡೆಸಿದ ಎಯ್ನೊ ಕಾಲಿಮಾ ರಷ್ಯಾದಲ್ಲಿ ಕಲಿತವನು, ಚೆಹೊವ್‌ನ ನಾಟಕಗಳಿಗೆ ಹೆಸರಾದವನು. ಚಹಾದ ಲೋಟ, ಅರ್ಧಕ್ಕೆ ನಿಂತ ಮಾತು, ನಡುಮನೆಯ ಮೌನ: ಲೆಯ್ನೊ ಹೊರಗೆ ಹಾಕಬೇಕೆಂದಿದ್ದ ಸಾಮಾನೆಲ್ಲ ಅತ್ಯಂತ ನಯವಾಗಿ ಒಳಗೆ ಬಂದು ಕೂತಿತು. ಫಿನ್ನಿಶ್ ನಟರ ಅತ್ಯುತ್ತಮ ಕೆಲಸ ಹೊರಬಂದದ್ದೂ ಅಲ್ಲಿಯೇ ಎನ್ನುವವರಿದ್ದಾರೆ. ಬಯಲು ನಾಟಕದ ಕನಸು ಮಾತ್ರ ಬೇರೆ ರೂಪದಲ್ಲಿ ಫಲಿಸಿತು. ಇಂದು ಫಿನ್ಲೆಂಡಿನಲ್ಲಿ ಬೇಸಗೆ ಬಂತೆಂದರೆ ಸರೋವರದ ದಡದಲ್ಲಿ, ತೋಟದ ಮನೆಗಳ ಅಂಗಳದಲ್ಲಿ ನಾಟಕಗಳು ಶುರು. ತಾಂಪೆರೆ ನಗರದ ಪ್ಯುನಿಕ್ಕಿಯಲ್ಲಿ 1959ರಲ್ಲಿ ಕಟ್ಟಿದ ಬಯಲುರಂಗದಲ್ಲಿ ರಂಗ ನಿಂತಿರುತ್ತದೆ, ಪ್ರೇಕ್ಷಕರು ಕೂತ ಮೆಟ್ಟಿಲುಗಳೇ ತಿರುಗುತ್ತವೆ. ವೈನೊ ಲಿನ್ನಾನ ಯುದ್ಧ ಕಾದಂಬರಿ ‘ಅಜ್ಞಾತ ಸೈನಿಕ’ ಅಲ್ಲಿ 1961ರಿಂದ 69ರವರೆಗೆ ಬೇಸಗೆ ಬೇಸಗೆಗೂ ನಡೆಯಿತು. ಮಿಕ್ಕ ಕಡೆಗಳಲ್ಲಿ ಹೆಚ್ಚಾಗಿ ನಡೆಯುವುದು ಹಳ್ಳಿಯ ಹಾಸ್ಯನಾಟಕ, ಹಾಡು ಕುಣಿತ, ಮಧ್ಯಂತರದಲ್ಲಿ ಕಾಫಿ. ಪದ್ಯದ ಪುರಾಣನಾಟಕಕ್ಕೆ ಅಲ್ಲಿ ಟಿಕೆಟ್ ಮಾರುವುದು ಕಷ್ಟ. ‘ಪೈವಾಲೆಹ್ತಿ’ಯ ಹಳೆಯ ಸಂಚಿಕೆಗಳನ್ನು ಫಿನ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ, ಇಂಥ ಪ್ರದರ್ಶನಕ್ಕೆ ಲೆಯ್ನೊ ಏನು ಬರೆಯುತ್ತಿದ್ದ ಎಂದು ಊಹಿಸಬೇಕೆನ್ನುವವರಿಗೆ ಅಲ್ಲಿ ಐದು ವರ್ಷಗಳ ಮಾದರಿ ಇದೆ.